ರಸ್ತೆಯ ಸೋಗು

ಮೋಟಾರು ವಾಹನಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಂಜಿನ್ನಿನಿಂದ ಆರಂಭಿಸುತ್ತಾರೆ. ಯಾರು ಮೊದಲು ಕಟ್ಟಿದರು, ಯಾವ ಊರಲ್ಲಿ ಓಡಿಸಿದರು, ಎಷ್ಟು ಕುದುರೆಗಳ ಬಲ ಎಂಬಿವು ಆ ಚರಿತ್ರೆಯ ಪರಿಚಿತ ಅಧ್ಯಾಯಗಳು. ಗಾಡಿಯನ್ನು ಜನರ ಕೈಗೆ ಕೊಡುವ ಮುನ್ನ ಅದನ್ನು ಪರೀಕ್ಷಿಸಿದವರು ಯಾರು, ಹೇಗೆ ಪರೀಕ್ಷಿಸಿದರು ಎಂಬ ಅಧ್ಯಾಯ ಬರೆದವರು ಕಡಮೆ. ನಾನು ಕನ್ನಡ ಪಾಠ ಹೇಳುವವನು. ಇಂಜಿನ್ನಿನ ವಿಷಯ ಎತ್ತಲು ನನಗೇನು ಅಧಿಕಾರವೆಂದು ವಾಚಕರು ಕೇಳಿದರೆ ತಪ್ಪಲ್ಲ. ಆದರೆ ವರ್ಷಕ್ಕೆರಡು ಸಲ ಪ್ರಶ್ನಪತ್ರಿಕೆ ತೆಗೆದು, ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕೂರುವ ಮನುಷ್ಯನಿಗೆ ಪರೀಕ್ಷೆಯೆಂಬ ವಸ್ತುವಿನ ಬಗ್ಗೆ ಎರಡು ಮಾತಾಡುವ ಹಕ್ಕು ಉಂಟೆಂದು ನನ್ನ ನಂಬಿಕೆ.

ಇಂದಿನ ಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ಯಾವ ಗಳಿಗೆಯಲ್ಲಿ ಎಷ್ಟು ಡೀಸೆಲ್ ಬಿಡಬೇಕು, ಬ್ರೇಕಿನ ಹಿಡಿತವನ್ನು ಯಾವಾಗ ಸಡಿಲಿಸಬೇಕು ಎಂದು ನಿರ್ಧರಿಸುವುದು ಒಂದು ಮುಚ್ಚಿದ ಪೆಟ್ಟಿಗೆ. ಅದರೊಳಗೆ ಸಣ್ಣದೊಂದು ಗಣಕ; ಗಣಕದೊಳಗೆ ಯಾರೋ ಎಲ್ಲಿಯೋ ಕುಳಿತು ಬರೆದ ಅಪ್ಪಣೆಗಳ ಸರಮಾಲೆ. ಈ ಪೆಟ್ಟಿಗೆಯನ್ನು ಗಾಡಿಗೆ ಕೂಡಿಸುವ ಮೊದಲು ಮೇಜಿನ ಮೇಲಿಟ್ಟು, ಇಲ್ಲದ ಇಂಜಿನ್ನನ್ನೂ ಇಲ್ಲದ ರಸ್ತೆಯನ್ನೂ ಇದೆಯೆಂದು ಅದಕ್ಕೆ ನಂಬಿಸಿ ಪರೀಕ್ಷಿಸುತ್ತಾರೆ. ಹಾಗೆ ನಂಬಿಸುವ ವಿದ್ಯೆಗೆ ಸಿಮ್ಯುಲೇಷನ್ ಎಂದು ಹೆಸರು. ಪುಸ್ತಕದ ಕನ್ನಡದಲ್ಲಿ ಅದನ್ನು ಅನುಕರಣೆ ಎನ್ನುತ್ತಾರೆ. ನಮ್ಮ ಕಲಬುರಗಿ ಸೀಮೆಯ ಮಾತಿನಲ್ಲಿ ಅದಕ್ಕಿಂತ ಒಳ್ಳೆಯ ಪದವೊಂದಿದೆ: ಸೋಗು. ಹಗಲುವೇಷದವರು ಊರು ಹೊಕ್ಕಾಗ ಕುಣಿತಕ್ಕೂ ಮಾತಿಗೂ ಜನ ಕಾಸು ಕೊಡುತ್ತಾರೆಂಬುದು ಸರಿಯೆ. ಆದರೆ ವೇಷಗಾರನ ನಿಜವಾದ ಗೆಲವು ಇರುವುದು ಬಾಗಿಲು ತೆರೆದ ಮುದುಕಿ ಒಂದು ಗಳಿಗೆ ಬೆಚ್ಚಿ ಹಿಂದೆ ಸರಿಯುವುದರಲ್ಲಿ. ಪೆಟ್ಟಿಗೆಯೂ ಹಾಗೆ ಬೆಚ್ಚಬೇಕು. ಬೆಚ್ಚದಿದ್ದರೆ ಸೋಗು ಕೆಟ್ಟಿತು, ಪರೀಕ್ಷೆಯೂ ಕೆಟ್ಟಿತು.

ಯಂತ್ರಲೋಕದಲ್ಲಿ ಈ ಸೋಗಿನ ಮೊದಲ ಹೆಸರಾಂತ ಗುರು ಒಬ್ಬ ವಾದ್ಯ ತಯಾರಕನ ಮಗ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬವನ ತಂದೆಗೆ ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಆರ್ಗನ್ ಎಂದರೆ ನಮ್ಮ ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಮ್ಮಿನ ದೊಡ್ಡಪ್ಪನೆನ್ನಬಹುದು. ತಿದಿಯೊತ್ತಿದರೆ ಗಾಳಿ, ಗಾಳಿ ನುಗ್ಗಿದರೆ ಸ್ವರ. ವಿಮಾನ ಹಾರಿಸುವ ಹುಚ್ಚು ಹಿಡಿದಿದ್ದ ಈ ತರುಣ 1929ರ ಸುಮಾರಿಗೆ ಅದೇ ತಿದಿಗಳ ಮೇಲೆ ಒಂದು ಗಿಡ್ಡ ಮರದ ವಿಮಾನವನ್ನು ಕೂರಿಸಿದ. ಒಳಗೆ ಕುಳಿತವನು ಹಿಡಿ ತಿರುಗಿಸಿದರೆ ತಿದಿಗಳು ಉಬ್ಬಿ ಕುಗ್ಗಿ ವಿಮಾನ ವಾಲುತ್ತಿತ್ತು. ನೆಲ ಬಿಟ್ಟು ಅಂಗುಲವೂ ಏಳುತ್ತಿರಲಿಲ್ಲ. ಮೊದಮೊದಲು ಜಾತ್ರೆಯ ಆಟಿಕೆಯಂತೆಯೇ ಕಂಡ ಇದರ ಬೆಲೆ ತಿಳಿದದ್ದು 1934ರಲ್ಲಿ. ಆ ವರ್ಷ ಅಮೆರಿಕದ ಸೈನ್ಯದ ಪೈಲಟುಗಳು ಟಪಾಲು ಸಾಗಿಸುವ ಕೆಲಸ ವಹಿಸಿಕೊಂಡು, ಮಂಜು ಕವಿದ ಆಕಾಶದಲ್ಲಿ ಒಬ್ಬರ ಮೇಲೊಬ್ಬರಂತೆ ಸತ್ತರು. ಸೈನ್ಯ ಲಿಂಕನಿಂದ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಮಂದಿ ನೆಲದ ಮೇಲೆ ಕುಳಿತೇ ಹಾರಲು ಕಲಿತಿದ್ದರು.

ಲಿಂಕನ ಯಂತ್ರದಲ್ಲಿ ಮನುಷ್ಯ ನಿಜ, ವಿಮಾನ ಸುಳ್ಳು. ನಾನು ಹೇಳಹೊರಟಿರುವ ವಿದ್ಯೆಯಲ್ಲಿ ಪೆಟ್ಟಿಗೆ ನಿಜ, ಉಳಿದ ಲೋಕವೆಲ್ಲ ಸುಳ್ಳು. ಆ ಸುಳ್ಳು ಲೋಕದಲ್ಲಿ ಯಾರ ರಸ್ತೆಯನ್ನು ಹಾಸಿದ್ದಾರೆ ಎಂಬುದೇ ನನ್ನ ಪ್ರಶ್ನೆ.

ಈಗ ಸ್ವಲ್ಪ ನಮ್ಮ ಸೀಮೆಗೆ ಬರೋಣ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಸೀಮೆ; 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ನಿಜಾಮರ ಬಗ್ಗೆ ಬೇರೆ ಏನೇ ಹೇಳಲಿ, ಸರ್ಕಾರವೇ ಬಸ್ಸು ಓಡಿಸುವ ಪದ್ಧತಿಯನ್ನು ಈ ದೇಶದಲ್ಲಿ ಮೊದಲು ತಂದವರಲ್ಲಿ ಆ ಸಂಸ್ಥಾನವೂ ಒಂದು. 1932ರ ಜೂನಿನಲ್ಲಿ ಅಲ್ಲಿನ ರೈಲ್ವೆಯ ಅಂಗವಾಗಿ 27 ಬಸ್ಸು, 166 ಜನ ನೌಕರರೊಡನೆ ಆ ಸೇವೆ ಆರಂಭವಾಯಿತು. ಅಂದಿನ ಬಸ್ಸಿಗೆ ಪರೀಕ್ಷೆಯೆಂದರೆ ರಸ್ತೆಯೇ. ಓಡಿದರೆ ತೇರ್ಗಡೆ, ನಿಂತರೆ ನಪಾಸು. ನಪಾಸಾದ ಬಸ್ಸನ್ನು ಎತ್ತುಗಳು ಎಳೆದು ತರುತ್ತಿದ್ದ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು.

ರಸ್ತೆಯೇ ಪರೀಕ್ಷಕನಾದರೆ ನಮ್ಮ ಸೀಮೆಯ ಪರೀಕ್ಷಕ ಬಲು ಕಠಿಣ. ಅಫಜಲಪುರ, ಜೇವರ್ಗಿಗಳಲ್ಲಿ ಭೀಮೆ ಹರಿಯುತ್ತಾಳೆ. ಆಳಂದದ ಅಮರ್ಜಾ ಗಾಣಗಾಪುರದ ಬಳಿ ಅವಳನ್ನು ಕೂಡುತ್ತಾಳೆ. ನದಿಗಳ ಸುತ್ತೆಲ್ಲ ತೊಗರಿ ಬೆಳೆಯುವ ಎರಿ ನೆಲ. ಬೇಸಗೆಯಲ್ಲಿ ಈ ನೆಲ ಕೈ ಹೊಗುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ಉಬ್ಬಿ, ಮೇಲಿನ ಡಾಂಬರನ್ನು ಹಪ್ಪಳದಂತೆ ಎತ್ತುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಪಾದರಸ 42, 43 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯಲ್ಲ. ಹಳ್ಳಿಗೆ ಹೊರಳುವ ದಾರಿಗಳಲ್ಲಿ ಮೊರಂ, ಕಂಕರ, ಅದರ ಮೇಲೆ ಮೊಣಕಾಲಿನವರೆಗೆ ಏಳುವ ಧೂಳು.

ಈ ಧೂಳಿನಲ್ಲಿ ಒಂದು ಬಗೆಯ ವಿದ್ವತ್ತು ಬೆಳೆದಿತ್ತು. ಅದರ ಮೂಲ ಬೆಂಗಳೂರಿನ ಆಡುಗೋಡಿಯಲ್ಲಿ. 1951ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಸಹಯೋಗದಿಂದ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ ಮೈಕೊ, ಅಲ್ಲಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಪಂಪನ್ನೂ ಮಾಡತೊಡಗಿತು. 2008ರಲ್ಲಿ ಕಂಪನಿ ಹೆಸರು ಬದಲಿಸಿಕೊಂಡು ಬಾಷ್ ಆದರೂ ನಮ್ಮ ಕಡೆ ಲಾರಿ ಚಾಲಕರ ನಾಲಗೆಯಿಂದ ಮೈಕೊ ಅಳಿದಿಲ್ಲ. ಆ ಪಂಪು ಪೂರ್ತಿ ಉಕ್ಕಿನ ವಿದ್ಯೆ. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಒಂದು ಗಾಡಿ, ಅದು ಎಷ್ಟು ತಿರುಗಿದರೆ ಅಷ್ಟು ಡೀಸೆಲ್. ಇಂಜಿನ್ ಮಿತಿಮೀರಿ ಓಡಿದರೆ ತಿರುಗುವ ಗುಂಡುಗಳು ಹೊರಕ್ಕೆ ಸರಿದು ಸ್ಪ್ರಿಂಗನ್ನೊತ್ತಿ ಡೀಸೆಲನ್ನು ತಗ್ಗಿಸುತ್ತಿದ್ದವು. ಗಣಕವಿಲ್ಲ, ತಂತಿಯಿಲ್ಲ. ಪಂಪು ರಿಪೇರಿಯ ಅಂಗಡಿಯಲ್ಲಿ ಅದನ್ನು ಬೆಂಚಿಗೆ ಕಟ್ಟಿ, ಗೆರೆ ಎಳೆದ ಗಾಜಿನ ನಳಿಕೆಗಳಲ್ಲಿ ಪ್ರತಿಯೊಂದು ನಾಝಲ್ಲಿನ ಪಾಲು ಸಮನಾಗಿ ಬೀಳುತ್ತದೆಯೆ ಎಂದು ನೋಡುತ್ತಿದ್ದರು. ಅದೂ ಒಂದು ಸೋಗೇ ಅಲ್ಲವೆ? ಪಂಪು ನಿಜ, ಇಂಜಿನ್ನಿನ ಬದಲು ವಿದ್ಯುತ್ ಮೋಟಾರು. ನಮ್ಮ ಮಿಸ್ತ್ರಿಗಳು ಸಿಮ್ಯುಲೇಷನ್ನಿನ ಹೆಸರು ಕೇಳುವ ಮೊದಲೇ ಅದರಲ್ಲಿ ಪಳಗಿದ್ದರು.

ಜೇವರ್ಗಿಯ ರಸ್ತೆಬದಿಯಲ್ಲಿ ಅಂಥ ಮಿಸ್ತ್ರಿಯೊಬ್ಬರನ್ನು ನಾನು ಬಲ್ಲೆ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ನಾಲ್ಕರಲ್ಲಿ ಯಾವ ನಾಝಲ್ ಕೆಟ್ಟಿದೆಯೆಂದು ಹೇಳುತ್ತಿದ್ದರು. ವೈದ್ಯರಾದರೂ ಅಷ್ಟು ಖಚಿತವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಈಗ ಅವರ ಅಂಗಡಿಯಲ್ಲಿ ಮಗನಿದ್ದಾನೆ. ಬಂದ ಗಾಡಿಗೆ ಮೊದಲು ಸ್ಕ್ಯಾನರ್ ಹಚ್ಚುತ್ತಾನೆ. ತಂದೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ‘ಇಂಜಿನ್ ಹಂಗೇ ಕೆಮ್ತದರಿ ಸರ, ಆದ್ರ ಈಗ ಅದರ ಮಾತು ಪೆಟಿಗಿ ಹೇಳ್ತದ’ ಎಂದರೊಮ್ಮೆ.

ಆ ಪೆಟ್ಟಿಗೆ ಜೇವರ್ಗಿಗೆ ಬಂದ ದಾರಿ ಸುತ್ತುಬಳಸಿನದು. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಎಂಬ ಬ್ರೇಕು ನಿಯಂತ್ರಣ ಮರ್ಸಿಡಿಸ್ ಕಾರಿನಲ್ಲಿ ಬಂತು. ಮರುವರ್ಷ ಅದೇ ಕಂಪನಿಯ ಮೋಟ್ರಾನಿಕ್ ಎಂಬ ಇಂಜಿನ್ ನಿಯಂತ್ರಕ ಬಿಎಂಡಬ್ಲ್ಯು ಕಾರಿಗೆ ಕೂಡಿತು. 1986ರಲ್ಲಿ ಇಂಥ ಪೆಟ್ಟಿಗೆಗಳು ಎರಡೇ ತಂತಿಗಳ ಮೂಲಕ ತಮ್ಮತಮ್ಮೊಳಗೆ ಮಾತಾಡಿಕೊಳ್ಳುವ ಕ್ಯಾನ್ ಎಂಬ ವ್ಯವಸ್ಥೆ ಪ್ರಕಟವಾಯಿತು. ಇವೆಲ್ಲ ಸಿರಿವಂತರ ಕಾರುಗಳ ಮಾತು. ನಮ್ಮಂಥವರ ಬಸ್ಸಿಗೂ ಲಾರಿಗೂ ಪೆಟ್ಟಿಗೆಯನ್ನು ತಂದದ್ದು ಹೊಗೆಯ ಕಾನೂನು. ಭಾರತ್ ಸ್ಟೇಜ್ 4 ಎಂಬ ನಿಯಮ 2010ರಲ್ಲಿ ಬೆಂಗಳೂರೂ ಸೇರಿ ಕೆಲವು ದೊಡ್ಡ ನಗರಗಳಿಗೆ ಮಾತ್ರ ಬಂದಿತ್ತು. 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಅನ್ವಯಿಸಿತು. ಐದನೆಯ ಮೆಟ್ಟಿಲನ್ನು ಹಾರಿ 2020ರ ಏಪ್ರಿಲ್ 1ರಂದು ಆರನೆಯದಕ್ಕೇ ಕಾಲಿಟ್ಟೆವು. ಅಷ್ಟು ಶುದ್ಧ ಹೊಗೆ ಬೇಕಾದರೆ ಓರೆ ಗಾಡಿಯ ಉಕ್ಕಿನ ಪಂಪು ಸಾಲದು. ಒಂದು ಸಿಡಿತಕ್ಕೆ ಹಲವು ಕಂತುಗಳಲ್ಲಿ ಡೀಸೆಲ್ ಎರಚುವ, ಹೊಗೆನಳಿಕೆಗೆ ಯೂರಿಯಾ ನೀರು ಸಿಂಪಡಿಸುವ ಲೆಕ್ಕವನ್ನು ಗಣಕವೇ ಮಾಡಬೇಕು. ಬ್ರೇಕಿನ ಎಬಿಎಸ್ಸೂ 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೆ, 125 ಸಿಸಿ ಮೀರಿದ ಮೋಟಾರ್ ಸೈಕಲ್‌ಗಳಿಗೆ ಕಡ್ಡಾಯವಾಯಿತು.

ಇಷ್ಟೆಲ್ಲವನ್ನು ಪೆಟ್ಟಿಗೆಗೆ ಒಪ್ಪಿಸಿದ ಮೇಲೆ ಅದು ಎಲ್ಲಿ ತಪ್ಪುತ್ತದೆಂದು ಮೊದಲೇ ತಿಳಿಯುವುದು ಹೇಗೆ? ಸಾವಿರ ಗಾಡಿಗಳನ್ನು ಗುಡ್ಡದಿಂದ ಉರುಳಿಸಿ ನೋಡಲಾಗದು. ಜರ್ಮನಿಯ ಪಾಡರ್‌ಬಾರ್ನ್ ಊರಿನಲ್ಲಿ 1988ರಲ್ಲಿ ಹುಟ್ಟಿದ ಡಿಸ್ಪೇಸ್ ಕಂಪನಿ, ಸ್ಟುಟ್‌ಗಾರ್ಟಿನಲ್ಲಿ ಅದೇ ವರ್ಷ ಹುಟ್ಟಿದ ವೆಕ್ಟರ್, 1994ರಲ್ಲಿ ಬಂದ ಇಟಾಸ್ ಮೊದಲಾದವು ಈ ಪ್ರಶ್ನೆಗೆ ಉತ್ತರ ಮಾರಿಯೇ ಬೆಳೆದವು. ಅಮೆರಿಕದ ಮ್ಯಾಥ್‌ವರ್ಕ್ಸ್ 1984ರಲ್ಲಿ ಹುಟ್ಟಿ, ತೊಂಬತ್ತರ ದಶಕದ ಆರಂಭದಲ್ಲಿ ಸಿಮ್ಯುಲಿಂಕ್ ಎಂಬ ಸಾಧನ ಕೊಟ್ಟಿತು. ಚೌಕಗಳನ್ನೂ ಗೆರೆಗಳನ್ನೂ ಎಳೆದು ಇಂಜಿನ್ನಿನ ಗಣಿತವನ್ನು ಚಿತ್ರದಂತೆ ಬರೆಯಲು ಅದರಿಂದ ಸಾಧ್ಯವಾಯಿತು. ಮೊದಲ ಹಂತದಲ್ಲಿ ಎಲ್ಲವೂ ಚಿತ್ರವೇ: ಇಂಜಿನ್ನೂ ಚಿತ್ರ, ಪೆಟ್ಟಿಗೆಯ ಬುದ್ಧಿಯೂ ಚಿತ್ರ. ಆಮೇಲೆ ಬುದ್ಧಿಯ ಚಿತ್ರದ ಬದಲು ನಿಜವಾದ ಅಪ್ಪಣೆಗಳು ಬರುತ್ತವೆ. ಕೊನೆಗೆ ನಿಜವಾದ ಪೆಟ್ಟಿಗೆಯನ್ನೇ ತಂದು ಸುಳ್ಳು ಲೋಕಕ್ಕೆ ತಂತಿ ಕಟ್ಟುತ್ತಾರೆ. ಹಾರ್ಡ್‌ವೇರ್ ಇನ್ ದ ಲೂಪ್ ಎಂದು ಇದಕ್ಕೆ ಹೆಸರು.

ಸೋಗು ಎಷ್ಟು ಸೂಕ್ಷ್ಮವಾಗಿರಬೇಕೆಂಬುದಕ್ಕೆ ಒಂದೇ ನಿದರ್ಶನ. ಇಂಜಿನ್ನಿನ ಅಚ್ಚು ಎಲ್ಲಿ ತಿರುಗಿ ನಿಂತಿದೆಯೆಂದು ಪೆಟ್ಟಿಗೆಗೆ ತಿಳಿಯಲು ಅಚ್ಚಿನ ಮೇಲೊಂದು ಹಲ್ಲಿನ ಚಕ್ರವಿರುತ್ತದೆ. ಅನೇಕ ಇಂಜಿನ್ನುಗಳಲ್ಲಿ 60 ಹಲ್ಲಿನ ಜಾಗ, ಅದರಲ್ಲಿ ಎರಡು ಬೇಕೆಂದೇ ಕಿತ್ತ ಬೊಚ್ಚು. ಬೊಚ್ಚು ಹಾದುಹೋದಾಗ ಪೆಟ್ಟಿಗೆ ತನ್ನ ಎಣಿಕೆಯನ್ನು ಹೊಸದಾಗಿ ಆರಂಭಿಸುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ಓಡುತ್ತಿದ್ದರೆ ಸೆಕೆಂಡಿಗೆ ಸುಮಾರು 3000 ಹಲ್ಲು. ಇಲ್ಲದ ಚಕ್ರದ ಈ ಹಲ್ಲುಗಳನ್ನೆಲ್ಲ ಪರೀಕ್ಷೆಯ ಯಂತ್ರ ಒಂದೊಂದಾಗಿ, ಹೊತ್ತು ತಪ್ಪದೆ ವಿದ್ಯುತ್ತಿನ ಅಲೆಯಾಗಿ ಕಳಿಸಬೇಕು. ಒಂದು ಹಲ್ಲು ತಡವಾದರೆ ಪೆಟ್ಟಿಗೆಗೆ ಅನುಮಾನ ಬರುತ್ತದೆ. ನೀರು ಕಾದಿದೆಯೆಂದು ನಂಬಿಸಲು ತಂತಿಯ ತಡೆಯನ್ನು ತಗ್ಗಿಸುತ್ತಾರೆ. ಓಡುತ್ತಿರುವಾಗಲೇ ಒಂದು ತಂತಿ ಕಡಿದುಬಿಡುತ್ತಾರೆ. ಇನ್ನೆರಡನ್ನು ಒಂದಕ್ಕೊಂದು ತಾಗಿಸುತ್ತಾರೆ. ಪೆಟ್ಟಿಗೆ ಗಾಬರಿಯಾಗದೆ ಗಾಡಿಯನ್ನು ಕುಂಟುತ್ತಾದರೂ ಮನೆ ಮುಟ್ಟಿಸುತ್ತದೆಯೆ ನೋಡುತ್ತಾರೆ. ಮನುಷ್ಯರು ಮಲಗಿದ ಮೇಲೂ ಯಂತ್ರ ರಾತ್ರಿಯಿಡೀ ಪ್ರಶ್ನೆ ಕೇಳುತ್ತಲೇ ಇರುತ್ತದೆ. ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕುಳಿತಾಗ ನನಗೆ ಆ ಯಂತ್ರದ ಮೇಲೆ ಹೊಟ್ಟೆಕಿಚ್ಚಾಗುವುದುಂಟು.

ಈ ಕೆಲಸದ ಬಹುಪಾಲು ಇಂದು ನಡೆಯುವ ಊರುಗಳಲ್ಲಿ ಬೆಂಗಳೂರು ಮುಖ್ಯವಾದುದು. ಮರ್ಸಿಡಿಸ್ ಕಂಪನಿ 1996ರಲ್ಲಿ ಅಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಬಾಷ್ ತೊಂಬತ್ತರ ದಶಕದ ಕೊನೆಯಲ್ಲಿ ಸ್ಥಾಪಿಸಿದ ಶಾಖೆಯನ್ನು ಜರ್ಮನಿಯ ಹೊರಗಿನ ತನ್ನ ಅತಿ ದೊಡ್ಡ ಸಾಫ್ಟ್‌ವೇರ್ ಕೇಂದ್ರವೆಂದು ತಾನೇ ಹೇಳಿಕೊಂಡಿದೆ. ಆದರೆ ಬೆಂಗಳೂರು ಈ ವಿದ್ಯೆಯನ್ನು ಕಾರಿನಿಂದಲೇ ಕಲಿತದ್ದಲ್ಲ. ತೇಜಸ್ ಯುದ್ಧವಿಮಾನದ ಹಾರಾಟವನ್ನು ಗಣಕಕ್ಕೆ ಒಪ್ಪಿಸಿದಾಗ, ಅದನ್ನು ಪರೀಕ್ಷಿಸಲು ವಿಮಾನದ ನಿಜವಾದ ನಿಯಂತ್ರಣಾಂಗಗಳನ್ನೆಲ್ಲ ನೆಲದ ಮೇಲೆ ಚೌಕಟ್ಟಿಗೆ ಜೋಡಿಸಿ ‘ಕಬ್ಬಿಣದ ಹಕ್ಕಿ’ಯೊಂದನ್ನು ಕಟ್ಟಿದರು. ನಮ್ಮ ಇಂಜಿನಿಯರುಗಳು ಇದೇ ಕೆಲಸದ ಮೇಲೆ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯೊಡನೆ ದುಡಿಯುತ್ತಿದ್ದುದು, ಕಾಕತಾಳೀಯವೆಂಬಂತೆ, ಲಿಂಕನ ಅದೇ ಬಿಂಗ್‌ಹ್ಯಾಂಟನ್ನಿನಲ್ಲಿ. 1998ರ ಮೇ ತಿಂಗಳ ಪೋಖರಣ್ ಸ್ಫೋಟದ ನಂತರ ಅಮೆರಿಕ ನಿರ್ಬಂಧ ಹೇರಿ ಅವರನ್ನು ಹೊರಗೆ ಕಳಿಸಿತು. ಉಳಿದ ಪರೀಕ್ಷೆಯನ್ನು ಬೆಂಗಳೂರಿನಲ್ಲಿ ತಾವೇ ಮುಗಿಸಿದರು. 2001ರ ಜನವರಿ 4ರಂದು ತೇಜಸ್ ಮೊದಲ ಬಾರಿಗೆ ಹಾರಿತು.

ಹಾರುವ ಯಂತ್ರದ ಮಾತು ಬಂದದ್ದರಿಂದ, ಸೋಗು ಕೆಟ್ಟ ಒಂದು ಪ್ರಸಿದ್ಧ ಪ್ರಸಂಗವನ್ನೂ ಹೇಳಬೇಕು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ಟು ತನ್ನ ಮೊದಲ ಪಯಣದಲ್ಲಿ, ಎದ್ದು 40 ಸೆಕೆಂಡಾಗುವಷ್ಟರಲ್ಲಿ ದಾರಿ ತಪ್ಪಿ ಸಿಡಿಯಿತು. ಅದರ ದಿಕ್ಕು ಹೇಳುವ ಪೆಟ್ಟಿಗೆಯಲ್ಲಿದ್ದದ್ದು ಹಳೆಯ ಏರಿಯಾನ್ 4ರ ಸಾಫ್ಟ್‌ವೇರ್. ಹೊಸ ರಾಕೆಟ್ಟಿನ ಅಡ್ಡವೇಗ ಹಳೆಯದಕ್ಕಿಂತ ಹೆಚ್ಚು. ಆ ದೊಡ್ಡ ಅಂಕಿ ಅದಕ್ಕೆಂದು ಇಟ್ಟಿದ್ದ ಸಣ್ಣ ಡಬ್ಬಿಯಲ್ಲಿ ಹಿಡಿಸಲಿಲ್ಲ. ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅಧ್ಯಕ್ಷತೆಯ ವಿಚಾರಣಾ ಮಂಡಲಿ ಕಂಡುಕೊಂಡ ಸಂಗತಿ ಇದಕ್ಕಿಂತಲೂ ಗಮನಾರ್ಹ: ಆ ಪೆಟ್ಟಿಗೆಯನ್ನು ಏರಿಯಾನ್ 5ರ ನಿಜವಾದ ದಾರಿಯ ಅಂಕಿಗಳಿಂದ ಪರೀಕ್ಷಿಸಿಯೇ ಇರಲಿಲ್ಲ. ಇನ್ನೊಬ್ಬರ ದಾರಿಯಲ್ಲಿ ಪಾಸಾದದ್ದು ಇಲ್ಲಿಯೂ ಪಾಸಾಗುವುದೆಂದು ನಂಬಿದ್ದರು.

ರಾಕೆಟ್ಟಿನ ದಾರಿಯಂತೆಯೇ ಮೊರಂ ದಾರಿಯದೂ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಫಜಲಪುರ ತಾಲ್ಲೂಕಿನ ಭೀಮಾತೀರದ ಹಳ್ಳಿಯವನು. ಪಿಯುಸಿಯಲ್ಲಿ ಕನ್ನಡ ವ್ಯಾಕರಣದಲ್ಲಿ ಸಾಧಾರಣ, ಗಣಿತದಲ್ಲಿ ಅಸಾಧಾರಣ. ಈಗ ಬೆಂಗಳೂರಿನ ಒಂದು ಕಚೇರಿಯಲ್ಲಿ ಬ್ರೇಕು ಪೆಟ್ಟಿಗೆಗಳನ್ನು ಪರೀಕ್ಷಿಸುತ್ತಾನೆ. ಗಾಣಗಾಪುರದ ಜಾತ್ರೆಗೆ ಬಂದಾಗ ಮನೆಗೆ ಬಂದಿದ್ದ. ನಿನ್ನ ಪೆಟ್ಟಿಗೆಗೆ ನಮ್ಮ ದಾರಿ ಗೊತ್ತಿದೆಯೇನಪ್ಪಾ ಎಂದು ಕೇಳಿದೆ. ‘ಬರ್ಫ್ ಚಲೊ ಗೊತ್ತದರಿ ಸರ. ಮೊರಂ ಅಷ್ಟಕ್ಕಷ್ಟೇ’ ಎಂದು ನಕ್ಕ.

ಆಮೇಲೆ ಬಿಡಿಸಿ ಹೇಳಿದ. ಚಕ್ರ ಬಿಗಿದು ಜಾರತೊಡಗಿದರೆ ಎಬಿಎಸ್ ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿಯುತ್ತದೆ. ಗಾಡಿಯ ತಿರುವು ಚಾಲಕನ ಕೈತಪ್ಪುವುದಿಲ್ಲ. ಡಾಂಬರಿನಲ್ಲಿ, ಅದರಲ್ಲೂ ಒದ್ದೆ ಡಾಂಬರಿನಲ್ಲಿ, ಇದು ಪ್ರಾಣ ಉಳಿಸುವ ವಿದ್ಯೆ. ಆದರೆ ಸಡಿಲ ಕಂಕರದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಬಿಗಿದ ಚಕ್ರ ತನ್ನ ಮುಂದೆ ಕಂಕರದ ಒಂದು ಒಡ್ಡನ್ನೇ ತಳ್ಳಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಚಕ್ರವನ್ನು ಬಿಡಿಸಿ ಆ ಒಡ್ಡನ್ನು ಕಟ್ಟಗೊಡುವುದಿಲ್ಲ. ಗಾಡಿ ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ. ಇದು ಇಂಜಿನಿಯರುಗಳಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಕೆಲವು ಗಾಡಿಗಳಲ್ಲಿ ಇದಕ್ಕೆಂದೇ ಬೇರೆ ಅಪ್ಪಣೆಗಳೂ ಉಂಟು. ಆದರೂ ಬ್ರೇಕಿನ ಪರೀಕ್ಷೆಯ ತವರು ಸ್ವೀಡನ್ನಿನ ಉತ್ತರದ ಆರ್ಯೆಪ್ಲೋಗ್. ಅಲ್ಲಿಯ ಸರೋವರಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಯುರೋಪಿನ ಕಂಪನಿಗಳು ಗಾಡಿ ತಂದು ಜಾರಿಸಿ ನೋಡುತ್ತವೆ. ಮಂಜುಗಡ್ಡೆಯ ಹಿಡಿತ ಎಷ್ಟೆಂದು ಮೇಜಿನ ಮೇಲಿನ ಸುಳ್ಳು ಲೋಕಕ್ಕೆ ಚೆನ್ನಾಗಿ ತಿಳಿದಿರುವುದು ಅದರಿಂದ. ರಸ್ತೆಯ ಏರುಪೇರಿಗೂ ಅಂತರರಾಷ್ಟ್ರೀಯ ತರಗತಿಗಳುಂಟು, ಎ ಇಂದ ಎಚ್ ವರೆಗೆ.

‘ಮಳಿ ಬಿದ್ದ ಎರಿ ಹೊಲದ ದಾರಿ ಯಾವ ತರಗತಿಯಪ್ಪಾ?’

‘ಅದರಾಗ ಬರೀ ತಗ್ಗುದಿನ್ನಿ ಲೆಕ್ಕರಿ ಸರ. ಜಾರೂದು ಬ್ಯಾರೆ ಲೆಕ್ಕ. ಎರಿ ಗಾಲಿಗಿ ಮೆತ್ತಿಕೊಂಡು ಗಾಲಿನೇ ದಪ್ಪ ಆಗ್ತದಲ್ರಿ, ಅದನ್ನ ನಾನು ನಮ್ಮ ಹುಡುಗರಿಗಿ ಹೇಳಿದ್ರ ನಗ್ತಾರ. ಅವರು ಕಂಡಿಲ್ಲ.’

ಅವನು ಕಂಡಿದ್ದಾನೆ. ಅವನ ಊರಿಗೆ ಸಂಜೆಯ ಕೊನೆಯ ಟಂಟಂ ಹೋಗುವುದು ಅದೇ ದಾರಿಯಲ್ಲಿ. ಹಿಂದೆಯೂ ಮುಂದೆಯೂ ಜನ ಜೋತುಬಿದ್ದಿರುತ್ತಾರೆ. ಪರೀಕ್ಷೆಯ ಪಟ್ಟಿಗೆ ತಾನು ಹೊಸ ಸಾಲುಗಳನ್ನು ಸೇರಿಸಲು ಕೇಳಿಕೊಂಡಿದ್ದೇನೆಂದೂ ಒಂದೆರಡನ್ನು ಒಪ್ಪಿದ್ದಾರೆಂದೂ ಹೇಳಿದ. ಎರಿ, ಮಸಾರಿ, ಮೊರಂ, ಕಂಕರ ಎಂದು ನಾವು ನಾಲ್ಕು ಹೆಸರು ಹೇಳುವಲ್ಲಿ ಅವನ ಪಟ್ಟಿಯಲ್ಲಿ ಸಡಿಲ ನೆಲವೆಂಬ ಒಂದೇ ಮಾತಿದೆಯಂತೆ. ನನಗೆ ಇದು ಭಾಷೆಯ ಪ್ರಶ್ನೆಯೂ ಹೌದೆನಿಸಿತು, ಹೆಸರಿಲ್ಲದ್ದಕ್ಕೆ ಪರೀಕ್ಷೆಯಿಲ್ಲ.

ಹೊಗೆಯ ಪರೀಕ್ಷೆಗೂ ಹೀಗೆಯೇ ಒಂದು ಸುಳ್ಳು ರಸ್ತೆಯುಂಟು. ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಇಷ್ಟು ಸೆಕೆಂಡು ಈ ವೇಗ, ಆಮೇಲೆ ಆ ವೇಗ ಎಂದು ಓಡಿಸಿ ಹೊಗೆ ಅಳೆಯುತ್ತಾರೆ. 1966ರಲ್ಲಿ ಸ್ಥಾಪಿತವಾದ ಪುಣೆಯ ಎಆರ್‌ಎಐ ಸಂಸ್ಥೆ ನಮ್ಮ ನಗರಗಳ ಓಡಾಟ ನೋಡಿ ರೂಪಿಸಿದ ಭಾರತೀಯ ಚಾಲನಾ ಚಕ್ರದ ಒಂದು ಸುತ್ತು 108 ಸೆಕೆಂಡಿನದು. ಗರಿಷ್ಠ ವೇಗ ಗಂಟೆಗೆ 42 ಕಿಲೋಮೀಟರು. ಬೇಗಬೇಗ ವೇಗ ಹೆಚ್ಚಿಸಿ ತಗ್ಗಿಸುವ, ನಮ್ಮ ಪೇಟೆಬೀದಿಯ ಚಡಪಡಿಕೆ ಅದರಲ್ಲಿತ್ತು. 2000ದ ನಂತರ ಕಾರುಗಳಿಗೆ ಯುರೋಪಿನ 1180 ಸೆಕೆಂಡುಗಳ ಚಕ್ರವನ್ನೇ ತಂದು, ಗರಿಷ್ಠ ವೇಗವನ್ನು 120ರಿಂದ 90ಕ್ಕೆ ಇಳಿಸಿ ನಮ್ಮದೆಂದು ಕರೆದೆವು. ಆ ಯುರೋಪಿನ ಚಕ್ರ ಎಷ್ಟು ಸರಾಗವೆಂದರೆ ಅಂಥ ರಸ್ತೆ ಯುರೋಪಿನಲ್ಲಿಯೂ ಇಲ್ಲವೆಂದು ಅಲ್ಲಿಯವರೇ ಗೊಣಗುತ್ತಿದ್ದರು. ಪರೀಕ್ಷೆ ನಡೆಯುವ ಕೋಣೆಯ ಉಷ್ಣ 20ರಿಂದ 30 ಡಿಗ್ರಿ.

ಪ್ರಶ್ನಪತ್ರಿಕೆ ಪ್ರತಿವರ್ಷ ಒಂದೇ ಆದರೆ ಏನಾಗುತ್ತದೆಂದು ಯಾವ ಮೇಷ್ಟರನ್ನು ಕೇಳಿದರೂ ಹೇಳುತ್ತಾರೆ. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ ಮೂರು ಡೀಸೆಲ್ ಕಾರುಗಳ ಡಿಕ್ಕಿಯಲ್ಲಿ ಹೊಗೆ ಅಳೆಯುವ ಸಲಕರಣೆ ತುಂಬಿ ನಿಜವಾದ ರಸ್ತೆಗೆ ಇಳಿಯಿತು. ಆ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರು ಬೆಂಗಳೂರಿನ ಹೇಮಂತ ಕಪ್ಪಣ್ಣ. ಪ್ರಯೋಗಶಾಲೆಯ ಉರುಳೆಗಳ ಮೇಲೆ ಸಾಧುವಾಗಿದ್ದ ಫೋಕ್ಸ್‌ವ್ಯಾಗನ್ ಜೆಟ್ಟಾ ಕಾರು ರಸ್ತೆಯಲ್ಲಿ ನಿಯಮಕ್ಕಿಂತ 15ರಿಂದ 35 ಪಟ್ಟು ಹೆಚ್ಚು ಸಾರಜನಕದ ಆಕ್ಸೈಡುಗಳನ್ನು ಕಾರಿತು. ಪಸಾಟ್ 5ರಿಂದ 20 ಪಟ್ಟು. ಗುಟ್ಟು ರಟ್ಟಾದದ್ದು 2015ರ ಸೆಪ್ಟೆಂಬರಿನಲ್ಲಿ. ಸ್ಟೀರಿಂಗ್ ಅಲುಗುತ್ತಿಲ್ಲ, ವೇಗ ಹೀಗೆ ಏರಿಳಿಯುತ್ತಿದೆ, ಇಷ್ಟು ಹೊತ್ತಾಯಿತು, ಗಾಳಿಯ ಒತ್ತಡ ಇಷ್ಟು ಎಂಬುದನ್ನೆಲ್ಲ ಕೂಡಿಸಿ, ಇದು ರಸ್ತೆಯಲ್ಲ, ಪರೀಕ್ಷೆ ಎಂದು ಪೆಟ್ಟಿಗೆ ತಿಳಿದುಕೊಳ್ಳುತ್ತಿತ್ತು. ಆಗ ಮಾತ್ರ ಹೊಗೆ ಶುದ್ಧಿ ಮಾಡುತ್ತಿತ್ತು. ಅಂಥ ಸಾಫ್ಟ್‌ವೇರ್ ಲೋಕದಾದ್ಯಂತ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿದೆಯೆಂದು ಕಂಪನಿ ಒಪ್ಪಿತು. ನಮ್ಮ ದೇಶದಲ್ಲಿ ಎಆರ್‌ಎಐ ಪರೀಕ್ಷೆಯ ನಂತರ 2015ರ ಡಿಸೆಂಬರಿನಲ್ಲಿ ಸುಮಾರು 3 ಲಕ್ಷ 23 ಸಾವಿರ ಗಾಡಿಗಳನ್ನು ತಿದ್ದಲು ಹಿಂದಕ್ಕೆ ಕರೆಯಬೇಕಾಯಿತು. ನಿಯಂತ್ರಣ ಪೆಟ್ಟಿಗೆ ಒದಗಿಸಿದ ಬಾಷ್ ಕಂಪನಿ, ಮೇಲ್ವಿಚಾರಣೆಯಲ್ಲಿ ಅಲಕ್ಷ್ಯ ಮಾಡಿತೆಂದು 2019ರಲ್ಲಿ ಸ್ಟುಟ್‌ಗಾರ್ಟಿನ ಅಭಿಯೋಜಕರಿಗೆ 9 ಕೋಟಿ ಯೂರೋ ದಂಡ ತೆತ್ತಿತು.

ವೇಷಗಾರನ ಸೋಗನ್ನು ಪೆಟ್ಟಿಗೆ ಕಂಡುಹಿಡಿದು, ತಾನೇ ಮರುಸೋಗು ಹಾಕಿದ ಕಥೆ ಇದು. ಆದರೆ ಪೆಟ್ಟಿಗೆಗೆ ಸ್ವಂತ ಬುದ್ಧಿಯಿಲ್ಲ. ಅದರ ಹಿಂದೆ ಪರೀಕ್ಷೆಯ ಪ್ರತಿ ಸೆಕೆಂಡನ್ನೂ ಬಾಯಿಪಾಠ ಮಾಡಿದ ಮನುಷ್ಯರಿದ್ದರು. ಇದರ ಮುಂದಿನ ಅಧ್ಯಾಯ ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಹಲವು ಡೀಸೆಲ್ ಕಾರುಗಳು ಹೊರಗಿನ ಉಷ್ಣ ಒಂದು ಮಿತಿಯೊಳಗಿದ್ದಾಗ ಮಾತ್ರ ಹೊಗೆಯನ್ನು ಪೂರ್ತಿ ಶುದ್ಧಿ ಮಾಡುತ್ತಿದ್ದವು. ಇಂಜಿನ್ನಿನ ಹಿತಕ್ಕಾಗಿ ಹಾಗೆ ಮಾಡಿದ್ದೇವೆಂಬುದು ತಯಾರಕರ ಸಮರ್ಥನೆ. ಆಸ್ಟ್ರಿಯಾದಿಂದ ಬಂದ ಮೊಕದ್ದಮೆಗಳಲ್ಲಿ ಆ ಮಿತಿ 15ರಿಂದ 33 ಡಿಗ್ರಿ; ಯುರೋಪಿನ ನ್ಯಾಯಾಲಯ 2022ರ ಜುಲೈ 14ರಂದು ಅದು ಸಲ್ಲದೆಂದಿತು. ಆಸ್ಟ್ರಿಯಾದಲ್ಲಿ ಆ ಮಿತಿ ತಪ್ಪುತ್ತಿದ್ದುದು ಹೆಚ್ಚಾಗಿ ಚಳಿಗೆ. ಆಳಂದದಲ್ಲಿ ಅದೇ ಅಂಕಿಗಳನ್ನಿಟ್ಟು ನೋಡಿದರೆ ಫೆಬ್ರುವರಿ ಕಳೆದ ಮೇಲೆ ಮಳೆ ಬರುವ ತನಕ ಮಧ್ಯಾಹ್ನಗಳೆಲ್ಲ ಹೊರಗೇ ಉಳಿಯುತ್ತವೆ.

ಇದರ ನಂತರ ಪರೀಕ್ಷಕರು ಮತ್ತೆ ರಸ್ತೆಗೆ ಇಳಿದರು. ಗಾಡಿಯ ಹಿಂದೆ ಅಳತೆಯ ಸಲಕರಣೆ ಕಟ್ಟಿ, ನಗರ, ಗ್ರಾಮಾಂತರ, ಹೆದ್ದಾರಿ ಮೂರರಲ್ಲೂ ಓಡಿಸಿ ಹೊಗೆ ಅಳೆಯುವ ಪದ್ಧತಿ ಯುರೋಪಿನಲ್ಲಿ 2017ರಿಂದ, ನಮ್ಮಲ್ಲಿ ಭಾರತ್ ಸ್ಟೇಜ್ 6ರ ಎರಡನೆಯ ಹಂತವಾಗಿ 2023ರ ಏಪ್ರಿಲ್ 1ರಿಂದ ಬಂತು. ಮೇಜಿನ ಮೇಲಿನ ಪರೀಕ್ಷೆ ನಿಂತಿಲ್ಲ; ಈಗ ಅದು ಇನ್ನೂ ಹೆಚ್ಚಿದೆ, ಏಕೆಂದರೆ ಯಾವ ರಸ್ತೆ ಬರುತ್ತದೆಂದು ಮೊದಲೇ ಗೊತ್ತಿಲ್ಲದ ಪರೀಕ್ಷೆಗೆ ಎಲ್ಲ ರಸ್ತೆಗಳನ್ನೂ ಓದಿಕೊಳ್ಳಬೇಕು. ಯುರೋಪಿನ ನಿಯಮ 0ಯಿಂದ 30 ಡಿಗ್ರಿಯನ್ನು ಸಾಧಾರಣ ಹವೆಯೆಂದೂ 35ರವರೆಗೆ ವಿಸ್ತೃತವೆಂದೂ ಎಣಿಸಿತ್ತು. ನಮ್ಮ ನಿಯಮ ಬರೆದವರು ಆ ಅಂಕಿಗಳನ್ನು ಹಾಗೆಯೇ ಇಳಿಸಿಕೊಳ್ಳದೆ, ಉಷ್ಣವನ್ನು ನಮ್ಮ ಬಿಸಿಲಿಗೆ ಏರಿಸಿ, ವೇಗಗಳನ್ನು ನಮ್ಮ ರಸ್ತೆಗೆ ಇಳಿಸಿಕೊಂಡರು. ಮೊರಂ ದಾರಿ ಆ ಪರೀಕ್ಷೆಯ ಮೂರು ಭಾಗಗಳಲ್ಲಿ ಯಾವುದರಲ್ಲಿಯೂ ಇಲ್ಲ.